ಬಡಿದವರೇ ತೆಗೆಯಬೇಕು

ನಾನು ಪ್ರೇಮ ಕಾದಂಬರಿಗಳನ್ನು ಬರೆಯುತ್ತೇನೆ. ನನ್ನ ಹೆಸರು ದಾಕ್ಷಾಯಿಣಿ, ಪುಸ್ತಕದ ಮೇಲಿರುವುದು ಮಧುಲತಾ. ದಾಕ್ಷಾಯಿಣಿ ಎಂಬುವಳು ಚುಂಬನದ ಬಗ್ಗೆ ಬರೆದರೆ ಓದುಗರು ಎದ್ದು ಕೈಮುಗಿಯುತ್ತಾರೆ ಎಂದು ನನ್ನ ಪ್ರಕಾಶಕರಾದ ವಾಮನಮೂರ್ತಿಗಳು ಮೊದಲ ದಿನವೇ ಹೆಸರು ಬದಲಾಯಿಸಿದರು. ಇದುವರೆಗೆ ಹದಿನಾರು ಕಾದಂಬರಿಗಳು ಬಂದಿವೆ. ಹದಿನಾರರಲ್ಲೂ ಎರಡನೇ ಅಧ್ಯಾಯದಲ್ಲಿ ದಪ್ಪ ಮೀಸೆಯ ಒಬ್ಬ ತಂದೆ ಸಿಟ್ಟಿನಿಂದ ಬಾಗಿಲು ಬಡಿಯುತ್ತಾನೆ. ನಾಯಕಿಯ ಎದೆಗೆ ಗಾಯವಾಗುತ್ತದೆ. ಮುಂದೆ ಅಗಲ ಭುಜದ ನಾಯಕ ಬಂದು ಆ ಗಾಯಕ್ಕೆ ಮುಲಾಮಾಗುತ್ತಾನೆ. ಕೊನೆಯ ಅಧ್ಯಾಯದಲ್ಲಿ ತಂದೆ ಗಳಗಳನೆ ಅತ್ತು ಬಾಗಿಲಿಗೆ ಕೈಯಿಡುತ್ತಾನೆ, ಬಾಗಿಲು ತೆರೆಯುತ್ತದೆ. ಒಮ್ಮೆ ನಾನು ಬಾಗಿಲು ತೆರೆಯದ ಹಾಗೆ ಬರೆದು ಕೊಟ್ಟಿದ್ದೆ. ವಾಮನಮೂರ್ತಿಗಳು ಹಸ್ತಪ್ರತಿ ವಾಪಸ್ ತಂದು ನನ್ನ ಮೇಜಿನ ಮೇಲಿಟ್ಟರು. "ತೆಗೀಲೇಬೇಕಮ್ಮ. ಓದೋರ ಮನೇಲಂತೂ ತೆಗೆಯಲ್ಲ, ಪುಸ್ತಕದಲ್ಲಾದ್ರೂ ತೆಗೀಲಿ."

ಅವರು ಹೇಳಿದ್ದು ಸರಿ. ನಮ್ಮ ಊರಿನಲ್ಲಿ ಸಿಟ್ಟಿನಿಂದ ಬಡಿದ ಬಾಗಿಲು ಮತ್ತೆ ತೆರೆಯುವುದಿಲ್ಲ. ಬಡಿದವರ ಸಿಟ್ಟು ನಿಜವಾಗಿ ಇಳಿದು, ಅವರೇ ಬಂದು ಕೈಯಿಟ್ಟರೆ ಮಾತ್ರ ತೆರೆಯುತ್ತದೆ. ನಮ್ಮ ಊರಿನವರ ಸಿಟ್ಟು ಇಳಿಯುವುದು ಕಡಿಮೆಯಾದ್ದರಿಂದ ತೆರೆಯುವುದಿಲ್ಲ ಎಂದೇ ತಿಳಿದುಕೊಂಡು ಎಲ್ಲರೂ ಬದುಕುತ್ತಾರೆ. ಬುದ್ಧಿವಂತರು ಮನೆಯೊಳಗೆ ಬಾಗಿಲನ್ನೇ ಇಡಿಸುವುದಿಲ್ಲ, ಪರದೆ ಹಾಕಿಕೊಳ್ಳುತ್ತಾರೆ. ಬಚ್ಚಲಿಗೂ ಪರದೆಯೇ, ಆದ್ದರಿಂದ ಒಳಗಿರುವವರು ಕೆಮ್ಮುತ್ತಲೇ ಇರಬೇಕು. ಹೆಡ್‌ಮಾಸ್ತರರ ಕೋಣೆ ಹಿಂದಿನ ಹೆಡ್‌ಮಾಸ್ತರರ ಕಾಲದಿಂದ ಮುಚ್ಚಿರುವುದರಿಂದ ಈಗಿನವರು ಗಂಟೆ ಹೊಡೆಯುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮುಚ್ಚಿದ ಕೋಣೆ ಬೇಕೇ ಬೇಕು ಅನ್ನುವವರು ಕಂಡಿ ಮೇಸ್ತ್ರಿಯನ್ನು ಕರೆಸಿ ಗೋಡೆಯಲ್ಲಿ ಆಳು ನುಸುಳುವಷ್ಟು ಕಂಡಿ ಕೊರೆಸುತ್ತಾರೆ. ಗಂಡಾದವನು ಹೆಣ್ಣಿಗೆ ಹುಣಸೆ ಮರದ ಬೆಣೆಯೊಂದನ್ನು ಕೊಟ್ಟರೆ ಮದುವೆಯಾಗು ಎಂದು ಕೇಳಿದಂತೆ. ನಿನ್ನ ಬಾಗಿಲ ಸಂದಿಗೆ ಇದನ್ನಿಟ್ಟುಕೋ, ಎಷ್ಟು ಬಡಿದರೂ ಮುಚ್ಚುವುದಿಲ್ಲ ಎಂದು ಅದರ ಅರ್ಥ.

ನಮ್ಮ ಮನೆಯಲ್ಲಿ ಮುಚ್ಚಿದ ಬಾಗಿಲು ಒಂದೇ, ನಡುಕೋಣೆಯದು. ಆ ಕೋಣೆಯಲ್ಲಿ ಅಮ್ಮನ ಹೊಲಿಗೆ ಮೆಷಿನ್ ಇದೆ. ಇಪ್ಪತ್ತಮೂರು ವರ್ಷಗಳಿಂದ ಅಮ್ಮ ಕಿಟಕಿಯ ಸರಳಿನಾಚೆಗೆ ಅದನ್ನು ನೋಡುತ್ತ, ಹೊರಗೆ ಕುಳಿತು ಕೈಯಲ್ಲಿ ರವಿಕೆ ಹೊಲಿಯುತ್ತಾಳೆ. ಶುಕ್ರವಾರ ಶುಕ್ರವಾರ ಉದ್ದನೆಯ ಬಿದಿರಿನ ಕೋಲಿನ ತುದಿಗೆ ಕೋಳಿಯ ಗರಿ ಕಟ್ಟಿ, ಎಣ್ಣೆಯಲ್ಲಿ ಅದ್ದಿ, ಸರಳಿನ ನಡುವೆ ತೂರಿಸಿ ಮೆಷಿನ್ನಿಗೆ ಎಣ್ಣೆ ಬಿಡುತ್ತಾಳೆ. ಕಂಡಿ ಕೊರೆಸೋಣ ಎಂದರೆ ಮಾತ್ರ ಬಸಮ್ಮಣ್ಣಿಯ ಮುಖ ಕೆಂಪಾಗುತ್ತದೆ. ಬಸಮ್ಮಣ್ಣಿ ಎಂದರೆ ನನ್ನ ಅಮ್ಮ. "ಯಾಕೆ ಕೊರೆಸ್ಲಿ? ಬಡಿದೋರೇ ಬಂದು ತೆಗೀಲಿ" ಅನ್ನುತ್ತಾಳೆ. ಬಡಿದವರು ಎಂದರೆ ನನ್ನ ಅಪ್ಪ ಶಿವನಂಜಪ್ಪ. ಊರಿನ ಇನ್ನೊಂದು ತುದಿಯಲ್ಲಿ ಸೈಕಲ್ ಶಾಪ್ ಇಟ್ಟುಕೊಂಡು, ಬಾಗಿಲೇ ಇಲ್ಲದ ತಗಡಿನ ಶೆಡ್ಡಿಗೆ ಗೋಣಿಚೀಲ ಇಳಿಬಿಟ್ಟು ಅಲ್ಲೇ ಇದ್ದಾನೆ. ಮನೆ ಬಿಟ್ಟ ಮೊದಲ ಮೂರು ವರ್ಷ ಯುಗಾದಿಗೆ ಬಂದು ಬಾಗಿಲಿಗೆ ಕೈಯಿಟ್ಟ. ತೆರೆಯಲಿಲ್ಲ. "ಸಿಟ್ಟು ಇಳಿದಿಲ್ಲ, ಹೋಗಿ ಇಳಿಸ್ಕೊಂಡು ಬರ್ಲಿ" ಎಂದು ಅಮ್ಮ ಅವನನ್ನು ಬಿಟ್ಟು ಗೋಡೆಗೆ ಹೇಳಿದಳು. ನಾಲ್ಕನೇ ಯುಗಾದಿಗೆ ಅವನು ಬರಲಿಲ್ಲ.

ಈಗ ನಿಜ ಹೇಳುತ್ತೇನೆ. ಆ ಬಾಗಿಲು ಬಡಿದದ್ದು ಅಪ್ಪನಲ್ಲ, ನಾನು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮ ಮನೆಯ ಕೂಸು ಬಡವಾಗುವಷ್ಟು ಸಾಧುವಾಗಿರಲಿಲ್ಲ. ಅವರಿಬ್ಬರೂ ದಿನಾ ಜಗಳವಾಡುತ್ತಿದ್ದರು, ಹೆಚ್ಚಾಗಿ ಊಟದ ಹೊತ್ತಿಗೇ. ಸದ್ದು ಏರುವ ಮೊದಲೇ ತಟ್ಟೆ ಖಾಲಿ ಮಾಡಿ ಏಳುವುದನ್ನು ನಾನು ಆರು ವರ್ಷಕ್ಕೇ ಕಲಿತಿದ್ದೆ. ಇವತ್ತಿಗೂ ನನ್ನ ಊಟ ಮೂರು ನಿಮಿಷದ್ದು. ಎಂಟನೇ ವಯಸ್ಸಿನಲ್ಲಿ ಶಾಲೆಯ ವಾರ್ಷಿಕೋತ್ಸವದ ಕೋಲಾಟಕ್ಕೆ ನನ್ನನ್ನು ಸೇರಿಸಿಕೊಂಡರು. ಹಸಿರು ಲಂಗ ಬೇಕಿತ್ತು. ಹಿಂದಿನ ದಿನ ಅಮ್ಮ ನಡುಕೋಣೆಯಲ್ಲಿ ಲಂಗ ಹೊಲಿಯುತ್ತಿದ್ದಳು. ಅಪ್ಪ ಪಡಸಾಲೆಯಿಂದ, ಎಣ್ಣೆಗಾಯಿಗೆ ಹುಣಸೆಹುಳಿ ಜಾಸ್ತಿಯಾಯಿತು ಎಂದ. ಅಷ್ಟೇ. ಅಮ್ಮ ಲಂಗವನ್ನು ಸೂಜಿಯಡಿಯಲ್ಲೇ ಬಿಟ್ಟು ಎದ್ದಳು. ಹುಣಸೆಹುಳಿಯಿಂದ ಶುರುವಾದದ್ದು ಇಬ್ಬರ ಮನೆತನ, ತಾತ, ಮುತ್ತಾತನವರೆಗೆ ಹೋಯಿತು. ಕೊನೆಗೆ ಅಮ್ಮ ಅಡುಗೆಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ನಿಂತಳು, ಅಪ್ಪ ಗೂಟದಲ್ಲಿದ್ದ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ಆಗ ನಾನು ಬಾಗಿಲು ಬಡಿದೆ. ಮನೆ ಒಡೆಯುತ್ತಿದೆ ಎಂದು ಬಡಿದೆ ಎಂದಾದರೆ ಹೇಳಿಕೊಳ್ಳಬಹುದಿತ್ತು, ಕಾದಂಬರಿಯಲ್ಲೂ ಹಾಕಬಹುದಿತ್ತು. ನನ್ನ ಸಿಟ್ಟು ಲಂಗದ್ದು. ಅದು ಮುಗಿಯಲಿಲ್ಲವಲ್ಲ, ನಾಳೆ ಏನು ಉಡಲಿ ಎಂಬುದು.

ಸದ್ದಿಗೆ ಅಮ್ಮ ಓಡಿ ಬಂದಳು. ಬಾಗಿಲು ಮುಚ್ಚಿತ್ತು, ಅಪ್ಪ ಗೇಟಿನ ಹತ್ತಿರ ಬೆನ್ನು ಹಾಕಿ ನಡೆಯುತ್ತಿದ್ದ. "ಅವರೇ ತಾನೇ?" ಎಂದು ಕೇಳಿದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಆ ತಲೆಯಾಡಿಸುವಿಕೆಯಿಂದ ಇವತ್ತಿನವರೆಗೆ ನಾನು ಬಿಡಿಸಿಕೊಂಡಿಲ್ಲ. ಅಮ್ಮ ನೀರಿಗೆ ಹೋದಾಗಲೆಲ್ಲ ಕದ್ದು ಬಾಗಿಲಿಗೆ ಕೈಯಿಟ್ಟಿದ್ದೇನೆ, ತೆರೆದಿಲ್ಲ. ಅಪ್ಪ ಮೂರು ಯುಗಾದಿ ಬಂದು ನಿಂತಾಗ ನಾನು ಹಿತ್ತಲಲ್ಲಿ ಬಚ್ಚಿಟ್ಟುಕೊಂಡಿದ್ದೆ. ಅವನು ಬಡಿದಿಲ್ಲ ಎಂದು ಅವನಿಗಂತೂ ಗೊತ್ತಿರಬೇಕಲ್ಲವೇ ಎಂದು ನೀವು ಕೇಳಬಹುದು. ಗಾಳಿಗೆ ಬಡಿದುಕೊಂಡಿತು ಎಂದುಕೊಂಡಿರುತ್ತಾನೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಗಾಳಿಗೆ ಬಡಿದ ಬಾಗಿಲನ್ನು ಬೆಕ್ಕು ತಳ್ಳಿದರೂ ತೆರೆಯುತ್ತದೆ ಎಂದು ನಮ್ಮ ಊರಿನ ಮಗುವಿಗೂ ಗೊತ್ತು. ಆದರೆ ನಾನು ಪ್ರೇಮ ಕಾದಂಬರಿ ಬರೆಯುವವಳು. ಇನ್ನೂರು ಪುಟ ಊರಿಗೇ ಸುಳ್ಳು ಹೇಳಬಲ್ಲವಳಿಗೆ ತನಗೆ ತಾನೇ ಒಂದು ಸುಳ್ಳು ಹೇಳಿಕೊಳ್ಳುವುದು ಕಷ್ಟವೇ?

ಹೀಗಿರುವಾಗ ಪರಶಿವಮೂರ್ತಿ ಬಂದ. ಅವನು ಕಂಡಿ ಮೇಸ್ತ್ರಿ. ಭುಜ ಅಗಲವಿಲ್ಲ, ತಲೆಯ ತುಂಬ ಸುಣ್ಣದ ಪುಡಿ, ನನಗಿಂತ ಒಂದು ಗೇಣು ಕುಳ್ಳ. ಪಕ್ಕದ ಮನೆಯಲ್ಲಿ ಗೋಡೆ ಕೊರೆಯುತ್ತ ಹತ್ತು ದಿನ ಇದ್ದ, ಆ ಹತ್ತು ದಿನವೂ ಅವನ ಸುತ್ತಿಗೆಯ ಸದ್ದಿಗೆ ನನ್ನ ನಾಯಕಿಯ ವಿರಹ ಕೆಟ್ಟುಹೋಯಿತು. ಬೈಯಲು ಹೋದವಳು ಅಲ್ಲೇ ಕುಳಿತು ಅವನ ಬುತ್ತಿಯಲ್ಲಿ ಅರ್ಧ ತಿಂದು ಬಂದೆ. ನಾನು ಗಬಗಬ ತಿನ್ನುವುದನ್ನು ನೋಡಿ ಅವನು, "ಯಾರೂ ಕಿತ್ಕೊಳಲ್ಲ ಕಣ್ರೀ, ನಿಧಾನಕ್ಕೆ" ಎಂದ. ಮೂವತ್ತೊಂದು ವರ್ಷದಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಮುಂದಿನ ತುತ್ತನ್ನು ಎಣಿಸಿಕೊಂಡು ಅಗಿದೆ. ಮೂರು ತಿಂಗಳಾದ ಮೇಲೆ ಒಂದು ಸಂಜೆ ಅವನು ಹಳೇ ಪೇಪರಿನಲ್ಲಿ ಸುತ್ತಿದ ಬೆಣೆಯೊಂದನ್ನು ನನ್ನ ಕೈಗಿಟ್ಟು, ಉತ್ತರಕ್ಕೂ ಕಾಯದೆ ಸೈಕಲ್ ಹತ್ತಿ ಓಡಿಹೋದ. ನನ್ನ ಯಾವ ನಾಯಕನೂ ಅಷ್ಟು ಹೆದರಿದವನಲ್ಲ.

ಮರುದಿನ ನಾನು ಒಪ್ಪಿಗೆ ಹೇಳಿ ಕಳಿಸಿದೆ. ಆದರೆ ನಮ್ಮಲ್ಲಿ ಮದುವೆಗೆ ಮೊದಲು ಬಾಗಿಲು ತೋರಿಸುವ ಶಾಸ್ತ್ರವಿದೆ. ಎರಡೂ ಕಡೆಯವರು ಒಬ್ಬರ ಮನೆಗೊಬ್ಬರು ಹೋಗಬೇಕು, ಮುಚ್ಚಿದ ಬಾಗಿಲುಗಳನ್ನು ನೋಡಬೇಕು, ಬಡಿದವರು ಬದುಕಿದ್ದರೆ ಎಲ್ಲರೆದುರು ಬಾಗಿಲಿಗೆ ಕೈಯಿಡಬೇಕು. ತೆರೆಯುವುದಿಲ್ಲ. ಆಮೇಲೆ ಎಲ್ಲರೂ ಕೇಸರಿಭಾತು ತಿನ್ನುತ್ತಾರೆ. ಪರಶಿವನ ಮನೆಗೆ ನಾವು ಮೊದಲು ಹೋದೆವು. ಅವನ ತಾಯಿ ನಿಂಗಾಜಮ್ಮನವರು ಮುಚ್ಚಿದ ಏಳು ಬಾಗಿಲುಗಳನ್ನು ಒಡವೆ ತೋರಿಸುವ ಹಾಗೆ ತೋರಿಸಿದರು. "ಏಳೂ ನಂದೇ. ಇದು ನಮ್ಮತ್ತೆ ಮೇಲೆ, ಇದು ನಮ್ಮೆಜಮಾನರ ಮೇಲೆ, ಇದು ಯಾರ ಮೇಲೆ ಅಂತ ಮರ್ತೋಯ್ತು, ಆದ್ರೂ ತೆಗೆಯಲ್ಲ ನೋಡಿ" ಎಂದು ತಳ್ಳಿ ತೋರಿಸಿದರು. ಆ ಮನೆಯಲ್ಲಿ ಎಲ್ಲರೂ ಕಿಟಕಿಯಿಂದಲೇ ಓಡಾಡುತ್ತಾರೆ. ಮಗ ಕಂಡಿ ಮೇಸ್ತ್ರಿಯಾದದ್ದು ಯಾಕೆ ಎಂದು ತಿಳಿಯಿತು.

ಬರುವ ಭಾನುವಾರ ನಮ್ಮ ಮನೆಯ ಸರದಿ. ಅಮ್ಮ ನನಗೆ ಹೇಳಿದಳು, "ಹೋಗಿ ಆ ಮನುಷ್ಯಂಗೆ ಹೇಳು. ಬರ್ಲಿ. ಬೀಗರ ಮುಂದೆ ಕೈಯಿಡ್ಲಿ. ಎಲ್ರೂ ನೋಡ್ಲಿ ಇವರ ಸಿಟ್ಟು ಎಂಥದ್ದು ಅಂತ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ದಾರಿಯುದ್ದಕ್ಕೂ ಎದುರು ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಒಂದೋ ನಾನು ನಿಜ ಹೇಳಬೇಕು, ಇಲ್ಲವೇ ನನ್ನ ಮದುವೆಯ ಹೆಸರಿನಲ್ಲಿ ಅಪ್ಪ ನಾಲ್ಕನೇ ಸಲ ತಲೆ ತಗ್ಗಿಸಬೇಕು. ನಿಜ ಹೇಳಿದರೆ ಅಮ್ಮನಿಗೆ ಇಪ್ಪತ್ತಮೂರು ವರ್ಷ ಬರಿದೇ ಹೋಯಿತು ಎಂದಾಗುತ್ತದೆ. ಅದನ್ನು ಅವಳಿಗೆ ಹೇಳುವ ಬಾಯಿ ನನಗೆ ಎಲ್ಲಿಂದ ಬರಬೇಕು?

ಅಪ್ಪ ಸೈಕಲ್ಲೊಂದನ್ನು ತಲೆಕೆಳಗು ಮಾಡಿಕೊಂಡು ಚಕ್ರ ತಿರುಗಿಸುತ್ತಿದ್ದ. ಮೀಸೆ ದಪ್ಪ ಇಲ್ಲ, ಮೀಸೆಯೇ ಇಲ್ಲ. ಶೆಡ್ಡಿನ ಮೂಲೆಯ ಹಲಗೆಯ ಮೇಲೆ ನನ್ನ ಹದಿನಾರು ಕಾದಂಬರಿಗಳು ಸಾಲಾಗಿ ನಿಂತಿದ್ದವು, ಎಲ್ಲಕ್ಕೂ ಗ್ರೀಸಿನ ಬೆರಳಚ್ಚು. ನಾನು ಅವನ್ನು ನೋಡುವುದನ್ನು ಅವನೂ ನೋಡಿದ.

"ಹದಿನಾರರಲ್ಲೂ ನನ್ನ ಕೈಯಿಂದ್ಲೇ ಬಡಿಸಿದೀಯಲ್ಲೇ ದಾಕ್ಷಿ. ಒಂದರಲ್ಲಾದ್ರೂ ಆ ಮೀಸೆಯವನ ಕೈಗೆ ರಜ ಕೊಡಬಾರದಿತ್ತಾ?" ಎಂದ.

"ನಿಂಗೆ ಗೊತ್ತಿತ್ತಾ?"

"ಮನೇಲಿದ್ದಿದ್ದು ಮೂರು ಜನ. ನಾನು ಬಡೀಲಿಲ್ಲ, ನಿಮ್ಮಮ್ಮ ಅಡುಗೆಮನೇಲಿ. ಬೆಕ್ಕೂ ಸಾಕಿರಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ? ಮೂರು ಸಲ ಬಂದು ಸುಮ್ನೆ ತಳ್ಳಿ ಹೋದೆ!"

"ಹೇಳಿದ್ರೆ ನಿಮ್ಮಮ್ಮ ಆ ಸಿಟ್ಟೆಲ್ಲ ನಿನ್ನ ಮೇಲೆ ಹಾಕ್ತಿದ್ಲು. ಎಂಟು ವರ್ಷದ ಕೂಸು ಎಷ್ಟೂಂತ ಹೊರುತ್ತೆ. ನಂಗಂತೂ ಹೊತ್ತು ರೂಢಿ" ಎಂದು ಚಕ್ರ ತಿರುಗಿಸಿದ.

ನನ್ನ ಕಾದಂಬರಿಯಾಗಿದ್ದರೆ ಇಲ್ಲಿ ನಾಯಕಿ ಅಪ್ಪನ ಕಾಲ ಮೇಲೆ ಬಿದ್ದು ಅಳುತ್ತಿದ್ದಳು. ನನಗೆ ಅಳು ಬಂತು ನಿಜ, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. "ದೊಡ್ಡ ತ್ಯಾಗ ಮಾಡಿದೆ ಅಂದ್ಕೊಂಡಿದೀಯ? ಬಾಗಿಲು ಬಡಿದಿದ್ದು ನಾನು, ಒಪ್ಕೊಂಡೆ. ಆದ್ರೆ ಚೀಲ ಹಾಕ್ಕೊಂಡು ಹೋಗಿದ್ದು ನೀನಲ್ವಾ? ಕೋಲಾಟಕ್ಕೂ ಬರ್ಲಿಲ್ಲ. ಬಿಳೀ ಲಂಗ ಉಟ್ಕೊಂಡು ಒಬ್ಬಳೇ ಕೊನೇಲಿ ನಿಂತು ಕುಣಿದೆ, ಗೊತ್ತಾ?"

ಅಪ್ಪ ಚಕ್ರ ನಿಲ್ಲಿಸಿದ. ಅವನ ಮುಖ ಚಿಕ್ಕದಾಯಿತು. "ಅದು ನಂದೇ ತಪ್ಪು" ಎಂದ. ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಭಾನುವಾರ ಬರ್ತೀನಿ. ತಳ್ಳೋ ಹಾಗೆ ಮಾಡ್ತೀನಿ. ನೀನು ಏನೂ ಮಾತಾಡ್ಬೇಡ, ಮದುವೆ ಆಗೋಳು" ಎಂದ.

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ನಿಂಗಾಜಮ್ಮನವರು, ಪರಶಿವ, ಅಮ್ಮ, ಎಲ್ಲರೂ ನಡುಕೋಣೆಯ ಮುಂದೆ ನಿಂತೆವು. ಅಪ್ಪ ಬಾಗಿಲಿಗೆ ಕೈಯಿಟ್ಟ, ಸಾಲದೆಂದು ಭುಜವನ್ನೂ ಕೊಟ್ಟ. ನಾಟಕದಲ್ಲಿ ಬಂಡೆ ಸರಿಸುವವರ ಹಾಗೆ ಉಸ್ಸೆಂದ. ಬಾಗಿಲು ಮಿಸುಕಲಿಲ್ಲ. ಅಮ್ಮ ಇದಕ್ಕೇ ಕಾಯುತ್ತಿದ್ದವಳಂತೆ ನಿಂಗಾಜಮ್ಮನವರ ಕಡೆ ತಿರುಗಿದಳು. "ನೋಡಿದ್ರಾ? ಇಪ್ಪತ್ಮೂರು ವರ್ಷ. ಹುಣಸೆಹಣ್ಣು ಒಂದು ಚೂರು ಜಾಸ್ತಿಯಾಗಿದ್ದಕ್ಕೆ. ಇಂಥೋರ ಜೊತೆ ನಾನು ಹೆಂಗೆ ಬಾಳ್ಲಿ ಹೇಳಿ."

ಗೆದ್ದವಳ ದನಿ ಅದಾಗಿರಲಿಲ್ಲ. ಈ ಸಲವಾದರೂ ತೆರೆಯುತ್ತದೇನೋ ಎಂದು ಅವಳು ಆಸೆಪಟ್ಟಿದ್ದಳು ಎಂದು ನನಗೆ ಆಗ ಗೊತ್ತಾಯಿತು. ಅಷ್ಟು ವರ್ಷ ಗರಿಗೆ ಎಣ್ಣೆ ಹಚ್ಚಿದ್ದೂ ಅದಕ್ಕೇ.

"ಅಮ್ಮಾ, ಅಪ್ಪ ಅಲ್ಲ. ನಾನು ಬಡಿದಿದ್ದು" ಎಂದೆ.

ಅಪ್ಪ "ಸುಮ್ನಿರೇ" ಎಂದ. ನಾನು ಸುಮ್ಮನಿರಲಿಲ್ಲ. ಲಂಗ, ಗೋಣು ಆಡಿಸಿದ್ದು, ಹಿತ್ತಲಲ್ಲಿ ಬಚ್ಚಿಟ್ಟುಕೊಂಡದ್ದು, ಎಲ್ಲ ಹೇಳಿದೆ. ಹೇಳಿ ಬಾಗಿಲಿಗೆ ಕೈಯಿಟ್ಟೆ. ಸತ್ಯ ಹೇಳಿದ ಮೇಲೆ ತೆರೆಯಬೇಕು, ನನ್ನ ಪುಸ್ತಕಗಳಲ್ಲಿ ಹದಿನಾರು ಸಲ ತೆರೆದಿದೆ. ತೆರೆಯಲಿಲ್ಲ. ನಿಂಗಾಜಮ್ಮನವರು ನನ್ನ ಬೆನ್ನು ಸವರಿ, "ಎಂಟು ವರ್ಷಕ್ಕೇ ಇಂಥ ಬಿಗಿಯಾ? ನಮ್ಮನೆಗೆ ಹೇಳಿ ಮಾಡಿಸಿದ ಸೊಸೆ ಕಣಮ್ಮ" ಎಂದು ಮೆಚ್ಚಿಕೊಂಡರು. ಪರಶಿವ ನನ್ನ ಪಕ್ಕಕ್ಕೆ ಬಂದು ನಿಂತ.

ಅಮ್ಮ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಇಬ್ರೂ ಸೇರ್ಕೊಂಡು," ಎಂದು ಶುರುಮಾಡಿ ಮುಗಿಸಲಾಗದೆ ಬೀದಿಬಾಗಿಲ ಕಡೆ ನಡೆದಳು. ಹೊರಗೆ ಕಾಲಿಟ್ಟು ಬಾಗಿಲ ಚಿಲಕ ಹಿಡಿದಳು. ಏನಾಗಲಿದೆ ಎಂದು ಎಲ್ಲರಿಗೂ ಹೊಳೆಯಿತು. ಬೀದಿಬಾಗಿಲು ಬಡಿದರೆ ಮನೆಯೇ ಮುಗಿದಂತೆ. ಪರಶಿವ ಕೆಲಸಕ್ಕೆಂದು ಸದಾ ಜೇಬಿನಲ್ಲಿಟ್ಟುಕೊಳ್ಳುವ ಬೆಣೆಗೆ ತಡಕಾಡುತ್ತಿದ್ದ, ಆ ಮೇಸ್ತ್ರಿಯ ಕೈಗೆ ಜೇಬಿನ ಬಾಯಿಯೇ ಸಿಗಲಿಲ್ಲ. ಅಷ್ಟರಲ್ಲಿ ಅಪ್ಪ ಓಡಿಹೋಗಿ ಬಾಗಿಲ ಸಂದಿಗೆ ತನ್ನ ಬಲಗೈ ಇಟ್ಟ.

ಅಮ್ಮ ಇಪ್ಪತ್ತಮೂರು ವರ್ಷದ ಬಲವೆಲ್ಲ ಹಾಕಿ ಬಡಿದಳು. ಅಪ್ಪ ಕಿರುಚಿದ್ದು ಬಸ್ ಸ್ಟ್ಯಾಂಡಿಗೆ ಕೇಳಿಸಿತಂತೆ. ಬಾಗಿಲು ಮಾತ್ರ ಮುಚ್ಚಲಿಲ್ಲ. ಎರಡು ಬೆರಳಿನಷ್ಟು ಸಂದಿ ಉಳಿಯಿತು, ಎರಡು ಬೆರಳೂ ಅಪ್ಪನವೇ.

ಆಮೇಲೆ ಅಮ್ಮ ಹೊಲಿಯಲು ಬಂದಿದ್ದ ಯಾರದೋ ರವಿಕೆಯ ಬಟ್ಟೆಯನ್ನೇ ಹರಿದು ಅವನ ಬೆರಳಿಗೆ ಕಟ್ಟಿದಳು. ಕಟ್ಟುತ್ತ ಗೋಡೆಗೆ ಬೈದಳು. "ಕೈ ಇಡ್ತಾರಂತೆ ಕೈ. ಬಾಯಿ ಇರಲಿಲ್ವಾ ಇವರಿಗೆ? ಅವತ್ತೇ ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು?" ಅಪ್ಪ ನೋವಿನಲ್ಲೂ ಹೂಂಗುಟ್ಟುತ್ತಿದ್ದ. ಕೇಸರಿಭಾತನ್ನು ನಿಂಗಾಜಮ್ಮನವರು ತಾವೇ ಬಡಿಸಿಕೊಂಡು ತಿಂದರು. ಮದುವೆ ನಿಶ್ಚಯವಾಯಿತು. ಪರಶಿವ ಹೊರಡುವಾಗ ನಡುಕೋಣೆಯ ಗೋಡೆ ತಟ್ಟಿ ನೋಡಿ, "ಅರ್ಧ ದಿನದ ಕೆಲಸ ಅತ್ತೆ, ಕಂಡಿ ಕೊರೀಲಾ?" ಎಂದ. ಅಮ್ಮ ನನ್ನ ಕಡೆ ನೋಡಿ, "ಬೇಡ. ಬಡಿದೋಳೇ ತೆಗೀಲಿ" ಎಂದಳು.

ನನ್ನ ಸಿಟ್ಟು ಇಳಿದಿರಲಿಲ್ಲ, ಅದೇ ತೊಂದರೆ. ಅದನ್ನು ಅಪ್ಪನಿಗೆ ಹೇಳಿದೆ. "ಹಂಗಾದ್ರೆ ದಿನಾ ನಾಲ್ಕು ಗಂಟೆಗೆ ಬರ್ತೀನಿ, ದಿನಾ ಒಂದಿಷ್ಟು ಬೈದುಬಿಡು" ಎಂದ. ಬಂದ. ನಾನು ಬೈದೆ. ಕೋಲಾಟದಿಂದ ಶುರುಮಾಡಿ, ಮೂರನೇ ಕ್ಲಾಸಿನ ಜ್ವರ, ಹತ್ತನೇ ಕ್ಲಾಸಿನ ರಿಸಲ್ಟು, ಅವನಿಲ್ಲದ ಹಬ್ಬಗಳು, ಒಂದೂ ಬಿಡದೆ ಬೈದೆ. ಅವನು ಕಾಫಿ ಕುಡಿಯುತ್ತ ಕೇಳಿಸಿಕೊಂಡ. ಒಂದು ದಿನವೂ ತಪ್ಪು ತನ್ನದಲ್ಲ ಅನ್ನಲಿಲ್ಲ. ಅಮ್ಮ ಕಿಟಕಿಯ ಹತ್ತಿರ ರವಿಕೆ ಹೊಲಿಯುತ್ತ, ನಾನು ಮರೆತದ್ದನ್ನು ನೆನಪಿಸುತ್ತಿದ್ದಳು. ಬೈದು ಮುಗಿಸಿ ಬಾಗಿಲಿಗೆ ಕೈಯಿಡುತ್ತಿದ್ದೆ. ತೆರೆಯುತ್ತಿರಲಿಲ್ಲ. ಪರಶಿವ ಸಂಜೆ ಬಂದು "ಇವತ್ತು?" ಎಂದು ಕೇಳುತ್ತಿದ್ದ, ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ವಾಮನಮೂರ್ತಿಗಳಿಗೆ ಕೊಡಬೇಕಿದ್ದ ಹದಿನೇಳನೇ ಕಾದಂಬರಿ ಅರ್ಧಕ್ಕೇ ನಿಂತಿತು.

ಹತ್ತೊಂಬತ್ತನೇ ದಿನ ನಾಲ್ಕು ಗಂಟೆಗೆ ಅಪ್ಪ ಬರಲಿಲ್ಲ. ನಾಲ್ಕೂವರೆಯಾಯಿತು. ನಾನು ಎರಡು ಸಲ ಗೇಟಿಗೆ ಹೋಗಿ ನೋಡಿ ಬಂದೆ. ಮತ್ತೆ ಚೀಲ ಹೆಗಲಿಗೇರಿಸಿದನೇ ಎಂದು ಮೂರನೇ ಸಲ ಬೀದಿಯ ತಿರುವಿನವರೆಗೂ ಹೋಗಿ ನೋಡಿದೆ. ಐದಕ್ಕೆ ಬಂದ, ಬೆವರುತ್ತ, ನಗುತ್ತ. ಗಿರಾಕಿಯೊಬ್ಬರ ಸೈಕಲ್ಲಿನ ಬೆಲ್ಲು ಸಿಕ್ಕಿಹಾಕಿಕೊಂಡು ನಿಲ್ಲದೆ ಬಡಿದುಕೊಳ್ಳುತ್ತಿತ್ತಂತೆ. ಅವರು ರಿಪೇರಿಗೆಂದು ಬರುವಾಗ ದಾರಿಯಲ್ಲಿ ಒಂದು ಹೆಣದ ಮೆರವಣಿಗೆ ಅಡ್ಡ ಸಿಕ್ಕಿ, ಮುಂದೆ ಹೋಗಲು ಜಾಗವಿಲ್ಲದೆ, ಸ್ಮಶಾನದವರೆಗೂ ಹಿಂದೆ ಹಿಂದೆಯೇ ಗಂಟೆ ಬಾರಿಸಿಕೊಂಡು ಹೋದರಂತೆ. ಸತ್ತವರ ಮಗ ಕಣ್ಣೊರೆಸಿಕೊಂಡು, "ನಮ್ಮಪ್ಪನ ಮೇಲೆ ನಿಮಗಿದ್ದಷ್ಟು ಗೌರವ ಯಾರಿಗೂ ಇರಲಿಲ್ಲ" ಎಂದು ಅವರ ಕೈ ಹಿಡಿದುಕೊಂಡನಂತೆ.

ನಾನು ಕಾಫಿ ಲೋಟ ಹಿಡಿದು ನಡುಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಬೈಯುವುದು ಮರೆತಿತ್ತು. ನಗು ತಡೆಯಲಾಗದೆ ಹಿಂದಕ್ಕೆ ವಾಲಿದೆ. ಬಾಗಿಲೂ ವಾಲಿತು. ನಾನು ಕಾಫಿಯ ಸಮೇತ ಒಳಗೆ ಅಂಗಾತ ಬಿದ್ದೆ. ಹದಿನಾರು ಕಾದಂಬರಿಗಳಲ್ಲಿ ನನ್ನ ಒಬ್ಬ ನಾಯಕಿಯೂ ಹೀಗೆ ಬಿದ್ದಿಲ್ಲ.

ಅಮ್ಮ ಎದ್ದು ಬಂದು, ನನ್ನನ್ನು ದಾಟಿ ಒಳಗೆ ನಡೆದಳು. ಮೆಷಿನ್ನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಸೂಜಿಯಡಿಯಲ್ಲಿ ಹಸಿರು ಲಂಗ ಹಾಗೇ ಇತ್ತು, ಕಿಟಕಿಯ ಕಡೆಯ ಅರ್ಧ ಬಿಸಿಲಿಗೆ ಬೆಳ್ಳಗಾಗಿತ್ತು. ಅವಳು ಕುಳಿತು ಕಾಲು ಒತ್ತಿದಳು. ಚಕ್ರ ತಿರುಗಲಿಲ್ಲ. ಎಣ್ಣೆಗೇನೂ ಕೊರತೆಯಿರಲಿಲ್ಲ, ಬೆಲ್ಟು ಜೀರ್ಣವಾಗಿ ಕೈಯಿಟ್ಟ ಕಡೆಯೆಲ್ಲ ತುಂಡಾಯಿತು.

ಅಪ್ಪ ಹೊರಗೆ ಹೋಗಿ ತನ್ನ ಸೈಕಲ್ಲಿನ ಚೀಲದಿಂದ ಹಳೆಯ ಟ್ಯೂಬೊಂದನ್ನು ತಂದ. ಹೊಸಿಲ ಹತ್ತಿರ ಒಂದು ಗಳಿಗೆ ನಿಂತ. ಅಮ್ಮ ಕಾಲು ಸರಿಸಿ ಜಾಗ ಮಾಡಿಕೊಟ್ಟಳು. ಅವನು ಕೆಳಗೆ ಕುಳಿತು ಟ್ಯೂಬಿನಿಂದ ಉದ್ದನೆಯ ಪಟ್ಟಿ ಕತ್ತರಿಸಿದ. ಅವನ ಎರಡು ಬೆರಳಿಗೆ ಇನ್ನೂ ಕಟ್ಟು ಇದ್ದುದರಿಂದ ಒಂದು ತುದಿಯನ್ನು ನಾನು ಹಿಡಿದುಕೊಂಡೆ. ಅವನು ಎಳೆದು, ಎರಡೂ ಚಕ್ರಕ್ಕೆ ಸುತ್ತಿ, ಗಂಟು ಹಾಕಿದ. ಅಮ್ಮ ಕಾಲು ಒತ್ತಿ ನೋಡಿದಳು. ನಾನು ನೆಲದ ಮೇಲೆ ಕುಳಿತು ಕಾಫಿಯಲ್ಲಿ ಒದ್ದೆಯಾದ ಸೀರೆ ಹಿಂಡುತ್ತಿದ್ದೆ. ಅವಳು ಇಪ್ಪತ್ತಮೂರು ವರ್ಷಗಳಲ್ಲಿ ಮೊದಲ ಸಲ ಗೋಡೆಯನ್ನು ಬಿಟ್ಟು ಅಪ್ಪನ ಮುಖ ನೋಡಿ ಹೇಳಿದಳು.

"ಬಿಗಿಯಾಯ್ತು ಕಣ್ರೀ. ಒಂಚೂರು ಸಡಿಲ ಮಾಡಿ."